ಒಳಸಂಬಂಧದ ಮದುವೆ ಮತ್ತು ಹಸುಗೂಸಿನ ಚರ್ಮ: ಕೊಡಿಗೇಹಳ್ಳಿ ಸೀಮೆಯ ಒಂದು ಚರಿತ್ರೆ

ಅಕ್ಕನ ಮಗಳನ್ನು ತಮ್ಮನಿಗೆ ತರುವುದು, ಸೋದರಮಾವನ ಮಗಳನ್ನೋ ಸೋದರತ್ತೆಯ ಮಗಳನ್ನೋ ಮನೆತುಂಬಿಸಿಕೊಳ್ಳುವುದು ಹಳೇ ಮೈಸೂರು ಸೀಮೆಯ ಬಹುಕಾಲದ ವಾಡಿಕೆ. ಬೆಂಗಳೂರಿನ ಉತ್ತರಕ್ಕಿರುವ ಕೊಡಿಗೇಹಳ್ಳಿ, ತಿಂಡ್ಲು, ಬ್ಯಾಟರಾಯನಪುರ, ಜಕ್ಕೂರು, ಅಮೃತಹಳ್ಳಿ ಈ ಸೀಮೆಗೇ ಸೇರಿದ ಊರುಗಳು. ಮೈಯೆಲ್ಲ ಬಿಗಿದ ಪೊರೆ ಹೊದ್ದುಕೊಂಡೇ ಹುಟ್ಟುವ, ಇಲ್ಲವೆ ಮುಟ್ಟಿದಲ್ಲೆಲ್ಲ ನೀರುಗುಳ್ಳೆಯೇಳುವ ಕೂಸುಗಳ ಚರಿತ್ರೆಯನ್ನು ಈ ವಾಡಿಕೆಯಿಂದ ಬಿಡಿಸಿ ಹೇಳಲಾಗದು. ವೈದ್ಯಗ್ರಂಥಗಳ ಪ್ರಕಾರ ಇವು ಲಕ್ಷಕ್ಕೊಂದು ಎನ್ನುವಷ್ಟು ವಿರಳ ಕಾಯಿಲೆಗಳು. ಆದರೆ ಆ ಲೆಕ್ಕ ಹೊರಗಿನವರನ್ನು ಮದುವೆಯಾಗುವ ಸಮಾಜಗಳದು. ಕರುಳುಬಳ್ಳಿಯೊಳಗೇ ಹೆಣ್ಣು ಕೊಟ್ಟು ತರುವ ಕಡೆ ಅದು ಹಾಗೆಯೇ ಹೊಂದುವುದಿಲ್ಲ.

ಕೊಡಿಗೇಹಳ್ಳಿ ನಗರಕ್ಕೆ ಸೇರಿದ್ದು ಇತ್ತೀಚೆಗೆ. ಬೆಂಗಳೂರು ಉತ್ತರ ತಾಲ್ಲೂಕಿನ ಈ ಊರು ಹೊಲ, ತೋಟ, ಕೆರೆಗಳ ನಡುವೆ ಬದುಕಿದ್ದು. 1960ರ ದಶಕದಲ್ಲಿ ಪಕ್ಕದಲ್ಲಿ ಕೃಷಿ ವಿಶ್ವವಿದ್ಯಾಲಯ ಬಂತು, ಆಮೇಲೆ ಸಹಕಾರನಗರದ ಬಡಾವಣೆ ಎದ್ದಿತು. 2007ರಲ್ಲಿ ಬ್ಯಾಟರಾಯನಪುರ ನಗರಸಭೆಯ ಪ್ರದೇಶ ಮಹಾನಗರ ಪಾಲಿಕೆಯೊಳಗೆ ಸೇರಿ ಕೊಡಿಗೇಹಳ್ಳಿ ಒಂದು ವಾರ್ಡಿನ ಹೆಸರಾಯಿತು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ಎರಡೂ ಬದಿ ಗುರುತು ಸಿಗದಷ್ಟು ಬದಲಾದವು. ಅದಕ್ಕೆ ಮುಂಚಿನ ತಲೆಮಾರುಗಳಿಗೆ ಮದುವೆಯ ಲೋಕ ಎಂದರೆ ಎತ್ತಿನ ಗಾಡಿ ಹೋಗಿ ಬರುವಷ್ಟು ದೂರದ ಹತ್ತಾರು ಹಳ್ಳಿ. ಆ ಹಳ್ಳಿಗಳಲ್ಲಿಯೂ ತಮ್ಮ ಜಾತಿಯ ಮನೆಗಳು ಬೆರಳೆಣಿಕೆಯಷ್ಟು. ಹಾಗಾಗಿ ಬೇಕೆಂದು ಸೋದರಿಕೆಯಲ್ಲಿ ಹೆಣ್ಣು ತರದಿದ್ದರೂ ಮೂರು ನಾಲ್ಕು ತಲೆಮಾರು ಹಿಂದಕ್ಕೆ ಹೋದರೆ ಗಂಡು ಹೆಣ್ಣಿನ ಬೇರು ಒಂದೇ ಮನೆಯಲ್ಲಿ ಸಿಗುತ್ತಿತ್ತು.

ವಾಡಿಕೆ ಎಷ್ಟು ಹಳೆಯದು ಎಂಬುದಕ್ಕೆ ಧರ್ಮಶಾಸ್ತ್ರಗಳೇ ಸಾಕ್ಷಿ. ಬೌಧಾಯನ ಧರ್ಮಸೂತ್ರ ದಕ್ಷಿಣದವರ ವಿಶೇಷ ಆಚಾರಗಳನ್ನು ಹೇಳುವಾಗ ಸೋದರಮಾವನ ಮಗಳು, ಸೋದರತ್ತೆಯ ಮಗಳು ಇವರೊಂದಿಗಿನ ಮದುವೆಯನ್ನು ಹೆಸರಿಸುತ್ತದೆ. ಮೀಮಾಂಸಕ ಕುಮಾರಿಲ ಭಟ್ಟ ಇದನ್ನು ಆಕ್ಷೇಪಿಸಿದ. 14ನೆಯ ಶತಮಾನದಲ್ಲಿ, ವಿಜಯನಗರದ ಬುಕ್ಕರಾಯನ ಕಾಲದ ಮಾಧವಾಚಾರ್ಯರು ‘ಪರಾಶರ ಮಾಧವೀಯ’ದಲ್ಲಿ ಸೋದರಮಾವನ ಮಗಳನ್ನು ಮದುವೆಯಾಗುವುದು ಶಾಸ್ತ್ರಕ್ಕೆ ವಿರುದ್ಧವಲ್ಲವೆಂದು ವಿಸ್ತಾರವಾಗಿ ವಾದಿಸಿದರು. ಶಾಸ್ತ್ರದ ಒಪ್ಪಿಗೆ ಕೇಳುವ ಗೋಜಿಗೆ ಹೋಗದ ಬೇಸಾಯದ ಸಮುದಾಯಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅಕ್ಕನ ಮಗಳಿಗೇ ಮೊದಲ ಹಕ್ಕು ಕೊಟ್ಟವು. ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಜಾತಿ ಬುಡಕಟ್ಟುಗಳ ಸಂಪುಟಗಳು ಹೊರಬಂದದ್ದು 1928ರಿಂದ 1935ರ ನಡುವೆ. ಒಂದಾದ ಮೇಲೊಂದು ಜಾತಿಯ ವಿವರದಲ್ಲಿ ಇದೇ ಆದ್ಯತೆ ಮತ್ತೆ ಮತ್ತೆ ದಾಖಲಾಗಿದೆ. 1955ರ ಹಿಂದೂ ವಿವಾಹ ಕಾಯ್ದೆ ಸೋದರಮಾವ ಮತ್ತು ಅಕ್ಕನ ಮಗಳ ಮದುವೆಯನ್ನು ನಿಷಿದ್ಧ ಸಂಬಂಧಗಳ ಪಟ್ಟಿಗೆ ಸೇರಿಸಿತು. ಆದರೆ ರೂಢಿಯ ಒಪ್ಪಿಗೆ ಇರುವ ಕಡೆ ಅಡ್ಡಿಯಿಲ್ಲವೆಂದೂ ಸೇರಿಸಿದ್ದರಿಂದ ದಕ್ಷಿಣದಲ್ಲಿ ಏನೂ ಬದಲಾಗಲಿಲ್ಲ.

ವಾಡಿಕೆಯ ಹಿಂದೆ ಮೂಢತನ ಮಾತ್ರ ಇತ್ತು ಎನ್ನುವುದು ಅನ್ಯಾಯದ ಮಾತು. ಆಸ್ತಿ ಒಡೆಯುತ್ತಿರಲಿಲ್ಲ. ವರದಕ್ಷಿಣೆಯ ಹೊರೆ ಕಡಿಮೆ. ಎಲ್ಲಕ್ಕಿಂತ ಹೆಚ್ಚಾಗಿ, ಹೆಣ್ಣುಮಗಳು ಹೋಗುವ ಮನೆಯ ಅತ್ತೆ ಎಷ್ಟೋ ವೇಳೆ ಅವಳ ಸ್ವಂತ ಅಜ್ಜಿಯೇ ಆಗಿರುತ್ತಿದ್ದಳು. ಹನ್ನೆರಡು ಹದಿಮೂರಕ್ಕೆ ಮದುವೆಯಾಗುತ್ತಿದ್ದ ಕಾಲದಲ್ಲಿ ಅದು ಸಣ್ಣ ಆಸರೆಯಲ್ಲ.

ಕೆಡುಕು ಇದ್ದದ್ದು ಯಾರ ಕಣ್ಣಿಗೂ ಬೀಳದ ಕಡೆ. ಮನುಷ್ಯನ ಬಹುತೇಕ ಜೀನುಗಳು ಜೋಡಿಯಾಗಿರುತ್ತವೆ, ಒಂದು ತಂದೆಯದು, ಒಂದು ತಾಯಿಯದು. ಚರ್ಮವನ್ನು ಕಟ್ಟುವ ಜೀನೊಂದರ ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಸರಿಯಿದ್ದರೆ ಎಷ್ಟೋ ವೇಳೆ ಏನೂ ತಿಳಿಯುವುದಿಲ್ಲ. ಅಂಥವರು ವಾಹಕರು, ಪೂರ್ತಿ ಆರೋಗ್ಯವಂತರು. ಗಂಡ ಹೆಂಡತಿ ಇಬ್ಬರೂ ಒಂದೇ ಜೀನಿನ ವಾಹಕರಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆಯ ಮಗು ಹುಟ್ಟುವ ಸಂಭವ. ಸಂಬಂಧವಿಲ್ಲದ ಇಬ್ಬರಲ್ಲೂ ಅದೇ ಜೀನಿನ ಕೆಟ್ಟ ಪ್ರತಿ ಇರುವುದು ತೀರ ಅಪರೂಪ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಜೀನುಗಳ ಕಾಲು ಭಾಗ ಸಮಾನ, ಸೋದರಿಕೆಯ ಮಕ್ಕಳ ನಡುವೆ ಎಂಟನೆಯ ಒಂದು ಭಾಗ. ಅಜ್ಜಿಯ ಮೈಯಲ್ಲಿ ಮಲಗಿದ್ದ ಒಂದು ದೋಷ ಮಗನ ಮೂಲಕವೂ ಮಗಳ ಮೂಲಕವೂ ಇಳಿದು ಮರಿಮಗುವಿನಲ್ಲಿ ಕೂಡಿಕೊಳ್ಳುವುದು ಹೀಗೆ.

ಹಳಬರಿಗೆ ಇದರ ಸುಳಿವೇ ಇರಲಿಲ್ಲವೆಂದಲ್ಲ. ತಂದೆ ತಾಯಿಯರ ಬೀಜದೋಷದಿಂದ ಬರುವ ರೋಗಗಳನ್ನು ಸುಶ್ರುತ ‘ಆದಿಬಲಪ್ರವೃತ್ತ’ ಎಂದು ಪ್ರತ್ಯೇಕ ವರ್ಗವಾಗಿಯೇ ಇಟ್ಟಿದ್ದ. ಚರಕ ಸಂಹಿತೆಯ ಶಾರೀರಸ್ಥಾನದ ಎರಡನೆಯ ಅಧ್ಯಾಯ ಗೋತ್ರ ಬೇರೆಯಿರುವ ಗಂಡು ಹೆಣ್ಣಿನ ಕೂಡುವಿಕೆಯ ಮಾತಿನಿಂದಲೇ ಶುರುವಾಗುತ್ತದೆ. ಹಳ್ಳಿಗಳಲ್ಲಿ ಗೋತ್ರದ ಜಾಗದಲ್ಲಿ ಬೆಡಗು ಇತ್ತು, ಒಂದೇ ಬೆಡಗಿನವರು ಅಣ್ಣತಂಗಿಯರ ಸಮಾನ. ಈ ಕಾವಲು ಗಟ್ಟಿಯಾದದ್ದೇ, ಆದರೆ ಕಾದದ್ದು ತಂದೆಯ ಕಡೆಯನ್ನು ಮಾತ್ರ. ಹತ್ತು ತಲೆಮಾರಿನ ಹಿಂದಿನ ಒಂದೇ ಬೆಡಗಿನವನನ್ನು ದೂರವಿಟ್ಟ ನಿಯಮ, ತಾಯಿಯ ಒಡಹುಟ್ಟಿದವನನ್ನು ಬೇರೆ ಬೆಡಗಿನವನೆಂದು ಒಳಕ್ಕೆ ಬಿಟ್ಟುಕೊಂಡಿತು. ಈ ಚರಿತ್ರೆಯ ಮುಖ್ಯ ತಿರುವು ಇದೇ.

ಹೀಗೆ ಹುಟ್ಟಿದ ಕೂಸುಗಳಲ್ಲಿ ಎರಡು ಬಗೆ ಮುಖ್ಯ. ಮೊದಲನೆಯದು ಇಕ್ತಿಯೋಸಿಸ್ ಗುಂಪಿನದು. ಕೊಲೋಡಿಯನ್ ಶಿಶು ಎಂದು ವೈದ್ಯರು ಕರೆಯುವ ಮಗು, ಎಣ್ಣೆ ಹಚ್ಚಿದ ತೆಳು ಕಾಗದದಂಥ ಹೊಳೆಯುವ ಪೊರೆಯಲ್ಲಿ ಸುತ್ತಿಕೊಂಡು ಹುಟ್ಟುತ್ತದೆ. ಬಿಗಿತಕ್ಕೆ ಕಣ್ಣಿನ ರೆಪ್ಪೆ ಹೊರಮಗುಚಿರುತ್ತದೆ, ತುಟಿ ಮುಚ್ಚುವುದಿಲ್ಲ, ಹಾಲು ಚೀಪುವುದೇ ಕಷ್ಟ. ಎರಡು ಮೂರು ವಾರಗಳಲ್ಲಿ ಪೊರೆ ಬಿರಿದು ಉದುರುತ್ತದೆ. ಕೆಲವು ಮಕ್ಕಳಿಗೆ ಅಡಿಯಲ್ಲಿ ಬಹುಮಟ್ಟಿಗೆ ಸಾಮಾನ್ಯ ಚರ್ಮವೇ ಕಾಣುತ್ತದೆ, ಹೆಚ್ಚಿನವರಿಗೆ ಹೊಪ್ಪಳೆಯ ಚರ್ಮ ಬಾಳಿನುದ್ದಕ್ಕೂ ಉಳಿಯುತ್ತದೆ. ಇದೇ ಗುಂಪಿನ ಅತ್ಯಂತ ಕಠೋರ ರೂಪ ಹಾರ್ಲೆಕ್ವಿನ್ ಇಕ್ತಿಯೋಸಿಸ್. ಅದರಲ್ಲಿ ಚರ್ಮ ದಪ್ಪ ಫಲಕಗಳಾಗಿ ನಡುನಡುವೆ ಆಳವಾಗಿ ಸೀಳಿರುತ್ತದೆ. ಎರಡನೆಯ ಬಗೆ ಎಪಿಡರ್ಮೊಲೈಸಿಸ್ ಬುಲ್ಲೋಸಾ, ಚಿಕ್ಕದಾಗಿ ಇಬಿ. ಇಲ್ಲಿ ಮೇಲ್ಚರ್ಮವನ್ನು ಒಳಚರ್ಮಕ್ಕೆ ಹಿಡಿದಿಡುವ ಪ್ರೋಟೀನುಗಳೇ ದುರ್ಬಲ, ತುಸು ಉಜ್ಜಿದರೂ ನೀರುಗುಳ್ಳೆಯೆದ್ದು ಸಿಪ್ಪೆ ಕಳಚುತ್ತದೆ. ಇಬಿಯ ಕೆಲವು ಬಗೆಗಳಿಗೆ ಒಂದೇ ಕೆಟ್ಟ ಪ್ರತಿ ಸಾಕು, ಅವು ಯಾವ ಮದುವೆಯಲ್ಲೂ ಹುಟ್ಟಬಹುದು. ತೀವ್ರ ಬಗೆಗಳಲ್ಲಿ ಹೆಚ್ಚಿನವಕ್ಕೆ ಎರಡೂ ಪ್ರತಿ ಕೆಟ್ಟಿರಬೇಕು.

ಹಳ್ಳಿಯ ಕಣ್ಣಿಗೆ ಪೊರೆ ಕಳಚುವ ಕೂಸು ನೆನಪಿಸಿದ್ದು ಹಾವನ್ನು. ಬಸುರಿಯಿದ್ದಾಗ ಮನೆಯವರಾರೋ ನಾಗರವನ್ನು ಕೊಂದಿರಬೇಕು, ಹುತ್ತ ಅಗೆದಿರಬೇಕು, ಗ್ರಹಣದ ಹೊತ್ತಿನಲ್ಲಿ ಬಸುರಿ ಹೊರಗೆ ಬಂದಿರಬೇಕು ಎಂಬ ಊಹೆಗಳು ಹುಟ್ಟುತ್ತಿದ್ದವು. ನಾಗದೋಷ ಕಳೆಯಲು ಈ ಸೀಮೆಯವರು ಹೋಗುತ್ತಿದ್ದ ಹತ್ತಿರದ ಕ್ಷೇತ್ರ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯ. ಅಲ್ಲಿ ಹರಕೆ ಹೊತ್ತವರು ನಿಲ್ಲಿಸಿದ ನಾಗರಕಲ್ಲುಗಳು ಸಾಲುಸಾಲಾಗಿವೆ. ಅನುಕೂಲ ಇದ್ದವರು ಘಟ್ಟ ಇಳಿದು ಕುಕ್ಕೆಗೆ ಹೋಗಿ ಸರ್ಪಸಂಸ್ಕಾರ ಮಾಡಿಸುತ್ತಿದ್ದರು. ನೊಂದ ಮನಸ್ಸಿಗೆ ಇದರಿಂದ ಸಮಾಧಾನ ಸಿಕ್ಕಿದ್ದರೆ ಅದನ್ನು ಹೀಗಳೆಯಬೇಕಾಗಿಲ್ಲ. ಕ್ಷಮಿಸಲಾಗದ ಭಾಗ ಬೇರೆ: ದೋಷದ ಮಾತು ಕೊನೆಗೆ ಬಂದು ನಿಲ್ಲುತ್ತಿದ್ದುದು ತಾಯಿಯ ಮೇಲೆ. ಅವಳು ತಿಂದದ್ದು, ನೋಡಿದ್ದು, ತುಳಿದದ್ದು ಎಲ್ಲ ವಿಚಾರಣೆಗೆ ಬರುತ್ತಿತ್ತು. ಎರಡು ಪ್ರತಿಗಳಲ್ಲಿ ಒಂದು ತಪ್ಪದೆ ತಂದೆಯದು ಎಂಬುದು ಯಾರಿಗೂ ತಿಳಿದಿರಲಿಲ್ಲ.

ಈ ಕೂಸುಗಳ ಲಿಖಿತ ದಾಖಲೆ ಹಳ್ಳಿಗಳಲ್ಲಿ ಉಳಿಯದಿರುವುದಕ್ಕೂ ಒಂದು ಕಾರಣವಿದೆ. ಹೆರಿಗೆ ಮನೆಯಲ್ಲೇ ಆಗುತ್ತಿತ್ತು, ನೋಡಿದವಳು ಸೂಲಗಿತ್ತಿ. ಹನ್ನೊಂದನೆಯ ದಿನ ಕಾಣದೆ ಹೋದ ಮಗುವಿಗೆ ಹೆಸರಿಲ್ಲ, ಅದನ್ನು ಸುಡದೆ ಹೂಳುತ್ತಾರೆ, ತಿಥಿಯಿಲ್ಲ. ಬೆಂಗಳೂರಿನಲ್ಲಿ ವಾಣಿವಿಲಾಸ ಆಸ್ಪತ್ರೆ ಶುರುವಾದದ್ದು 1935ರಲ್ಲಿ. ಉತ್ತರದ ಹಳ್ಳಿಗಳ ಬಾಣಂತಿಯರು ಆಸ್ಪತ್ರೆ ಹತ್ತುವುದು ವಾಡಿಕೆಯಾಗಲು ಇನ್ನೂ ದಶಕಗಳೇ ಬೇಕಾದವು.

ಬಾಣಂತನದ ಪದ್ಧತಿಗಳು ಈ ಮಕ್ಕಳಿಗೆ ಏನು ಮಾಡಿದವು ಎಂಬುದನ್ನು ಹತ್ತಿರದಿಂದ ನೋಡಬೇಕು. ಅಜ್ಜಿ ಮಣೆಯ ಮೇಲೆ ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಮೇಲೆ ಬೋರಲು ಮಲಗಿಸಿ, ಹರಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಮೈತುಂಬ ತೀಡಿ, ಕಡಲೆಹಿಟ್ಟು ಹಾಕಿ ಉಜ್ಜಿ, ಹಂಡೆಯ ಬಿಸಿನೀರು ಹೊಯ್ದು, ಕೊನೆಗೆ ಸಾಂಬ್ರಾಣಿ ಹೊಗೆ ಕೊಡುತ್ತಾಳೆ. ಪೊರೆಯ ಮಗುವಿಗೆ ಈ ಎಣ್ಣೆ ನಿಜವಾದ ಔಷಧಿಯೇ. ಇಂದಿನ ನವಜಾತ ಶಿಶು ಘಟಕದಲ್ಲೂ ಚಿಕಿತ್ಸೆಯ ಬೆನ್ನೆಲುಬು ಜಿಡ್ಡು ಮತ್ತು ತೇವ: ತೇವ ತುಂಬಿದ ಇನ್‌ಕ್ಯುಬೇಟರ್, ಕೆಲವು ಗಂಟೆಗೊಮ್ಮೆ ವ್ಯಾಸಲಿನ್ ಲೇಪ. ಇಬಿ ಮಗುವಿಗೆ ಅದೇ ಉಜ್ಜುವಿಕೆ ಚರ್ಮ ಸುಲಿದಂತೆ. ಸೊಂಟದ ಉಡಿದಾರ, ದೃಷ್ಟಿಗೆ ಕಟ್ಟಿದ ಕಪ್ಪು ದಾರ, ಕೈಯ ಬಳೆ, ಪ್ರೀತಿಯಿಂದ ತೊಡಿಸಿದ ಒಂದೊಂದೂ ಗಾಯದ ಉಂಗುರವನ್ನು ಬಿಡುತ್ತದೆ. ಆಸ್ಪತ್ರೆಯ ಪದ್ಧತಿಗಳೂ ಹಾಗೆಯೇ ನೋಯಿಸಬಲ್ಲವು. ಹೊಕ್ಕುಳಬಳ್ಳಿಗೆ ಹಾಕುವ ಪ್ಲಾಸ್ಟಿಕ್ ಕ್ಲಿಪ್, ಕಾಲಿನ ಗುರುತುಪಟ್ಟಿ, ಡ್ರಿಪ್ ಸೂಜಿಯ ಮೇಲಿನ ಪ್ಲಾಸ್ಟರ್, ಇವು ಮೂರೂ ಇಬಿ ಮಗುವಿಗೆ ನಿಷಿದ್ಧ. ಕ್ಲಿಪ್ಪಿನ ಬದಲು ದಾರ ಕಟ್ಟುತ್ತಾರೆ, ಅಂಟದ ಪಟ್ಟಿ ಸುತ್ತುತ್ತಾರೆ, ಗುಳ್ಳೆ ಹಬ್ಬದಂತೆ ಶುದ್ಧ ಸೂಜಿಯಿಂದ ಚುಚ್ಚಿ ನೀರು ಇಳಿಸುತ್ತಾರೆ, ಬಟ್ಟೆಯ ಹೊಲಿಗೆ ಹೊರಗೆ ಬರುವಂತೆ ತಿರುವಿ ತೊಡಿಸುತ್ತಾರೆ. ಮಗುವನ್ನು ಕಂಕುಳಿಗೆ ಕೈಹಾಕಿ ಎತ್ತದೆ ಮೆತ್ತೆಯ ಸಮೇತ ಎತ್ತುತ್ತಾರೆ. ಸುಟ್ಟ ಗಾಯಕ್ಕೂ ಗುಳ್ಳೆಯ ರೋಗಗಳಿಗೂ ರೋಗಿಯನ್ನು ಬಾಳೆ ಎಲೆಯ ಮೇಲೆ ಮಲಗಿಸುವ ನಮ್ಮ ಹಳೆಯ ಕ್ರಮವನ್ನು ಭಾರತದ ಆಸ್ಪತ್ರೆಗಳು ಈಗಲೂ ಬಳಸುತ್ತವೆ. ನುಣುಪಾದ, ತಂಪಾದ, ಗಾಯಕ್ಕೆ ಅಂಟದ ಹಾಸಿಗೆ ಅದಕ್ಕಿಂತ ಅಗ್ಗವಾಗಿ ಸಿಗದು.

ಪಶ್ಚಿಮದಲ್ಲೂ ತಿಳಿವಳಿಕೆ ನಿಧಾನವಾಗಿಯೇ ಬಂತು. ಹಾರ್ಲೆಕ್ವಿನ್ ಶಿಶುವಿನ ಮೊದಲ ವಿವರ 1750ರ ಏಪ್ರಿಲ್‌ನಲ್ಲಿ ಅಮೆರಿಕದ ಚಾರ್ಲ್ಸ್‌ಟನ್ನಿನ ಪಾದ್ರಿ ಆಲಿವರ್ ಹಾರ್ಟ್ ತನ್ನ ದಿನಚರಿಯಲ್ಲಿ ಬರೆದದ್ದು. ಇಬಿಗೆ ಆ ಹೆಸರು ಕೊಟ್ಟವನು ಜರ್ಮನಿಯ ಕೋಬ್ನರ್, 1886ರಲ್ಲಿ. ‘ಕೊಲೋಡಿಯನ್’ ಶಿಶು ಎಂದವರು 1892ರಲ್ಲಿ ಫ್ರಾನ್ಸಿನ ಆಲೊಪೊ ಮತ್ತು ವಾಟ್ಲೆ. ಕಾರಣ ತಿಳಿಯಲು ಮತ್ತೆ ಒಂದು ಶತಮಾನ ಕಾಯಬೇಕಾಯಿತು. 1991ರಲ್ಲಿ ಷಿಕಾಗೋದ ಎಲೇನ್ ಫುಕ್ಸ್ ಅವರ ಪ್ರಯೋಗಾಲಯ ಇಬಿಯ ಒಂದು ಬಗೆಗೆ ಕೆರಾಟಿನ್ ಜೀನಿನ ದೋಷವೇ ಕಾರಣವೆಂದು ತೋರಿಸಿತು. ಹಾರ್ಲೆಕ್ವಿನ್ ಕಾಯಿಲೆಯ ಜೀನು, ಚರ್ಮಕ್ಕೆ ಜಿಡ್ಡು ಸಾಗಿಸುವ ಎಬಿಸಿಎ12, ಸಿಕ್ಕಿದ್ದು 2005ರಲ್ಲಿ. ಬದುಕುವುದೇ ಇಲ್ಲ ಎಂದು ಕೈಬಿಡುತ್ತಿದ್ದ ಈ ಮಕ್ಕಳ 45 ಪ್ರಕರಣಗಳನ್ನು 2011ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ 25 ಮಂದಿ ಬದುಕಿದ್ದರು. ಭಾರತದಲ್ಲಿ ಈ ಕಾಯಿಲೆ ಜನರ ಕಿವಿಗೆ ಬಿದ್ದದ್ದು 2016ರ ಜೂನ್‌ನಲ್ಲಿ, ನಾಗಪುರದ ಲತಾ ಮಂಗೇಶ್ಕರ್ ಆಸ್ಪತ್ರೆಯಲ್ಲಿ ಹುಟ್ಟಿ ಎರಡು ದಿನಕ್ಕೆ ತೀರಿಕೊಂಡ ಹೆಣ್ಣುಮಗುವಿನಿಂದ. ದೇಶದ ಮೊದಲ ಪ್ರಕರಣ ಎಂದು ಪತ್ರಿಕೆಗಳು ಬರೆದವು. ಸೂಲಗಿತ್ತಿಯರು ಕಂಡು ಮಣ್ಣು ಮಾಡಿದ ಕೂಸುಗಳು ಯಾವ ಲೆಕ್ಕದಲ್ಲೂ ಇಲ್ಲ. ಕೆಲವು ಮಾಧ್ಯಮಗಳು ಆ ಮಗುವನ್ನು ಅನ್ಯಗ್ರಹದ ಜೀವಿಗೆ ಹೋಲಿಸಿದವು. ಸತ್ತ ಮಗುವಿಗೂ ಹೆತ್ತವರಿಗೂ ಮಾಡಿದ ಅವಮಾನ ಅದು.

ಕರ್ನಾಟಕದಲ್ಲಿ ಒಳಸಂಬಂಧದ ಮದುವೆಗೂ ಮಕ್ಕಳ ಕಾಯಿಲೆಗೂ ಇರುವ ನಂಟನ್ನು ಅಂಕಿಗಳಲ್ಲಿ ಹಿಡಿದ ಕೆಲಸ ನಡೆದದ್ದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಎನ್. ಅಪ್ಪಾಜಿ ರಾವ್, ಎಚ್.ಎಸ್. ಸಾವಿತ್ರಿ, ರಾಧಾ ರಮಾದೇವಿ ಅವರ ತಂಡ 1980ರ ದಶಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತವನ್ನು ಅಮೈನೋ ಆಮ್ಲದ ಕಾಯಿಲೆಗಳಿಗಾಗಿ ಪರೀಕ್ಷಿಸಿತು. ಜೊತೆಗೇ ಹೆತ್ತವರು ಒಬ್ಬರಿಗೊಬ್ಬರು ಏನಾಗಬೇಕು ಎಂಬ ಪ್ರಶ್ನೆಯನ್ನೂ ಕೇಳಿ ಬರೆದಿಟ್ಟರು. 1980ರಿಂದ 1989ರವರೆಗೆ ಬೆಂಗಳೂರು ಮತ್ತು ಮೈಸೂರಿನ 1,07,518 ದಂಪತಿಗಳಲ್ಲಿ ಶೇ 31.4ರಷ್ಟು ರಕ್ತಸಂಬಂಧಿಗಳೆಂದು ಅಪ್ಪಾಜಿ ರಾವ್ ಮತ್ತು ಅಲನ್ ಬಿಟಲ್ಸ್ ಪ್ರಕಟಿಸಿದರು. ಅವರಲ್ಲಿ ಸೋದರಮಾವನನ್ನೇ ಮದುವೆಯಾದವರ ಪಾಲು ದೊಡ್ಡದು. ಹಳ್ಳಿಯ ಮಾತಲ್ಲ ಇದು, ರಾಜ್ಯದ ಎರಡು ದೊಡ್ಡ ನಗರಗಳ ಲೆಕ್ಕ. ಆದರೂ ಹೆದರಿಸಲು ಈ ಅಂಕಿಯನ್ನು ಬಳಸುವುದು ಸರಿಯಲ್ಲ. ಸಾಮಾನ್ಯ ದಂಪತಿಗಳಲ್ಲೂ ನೂರಕ್ಕೆ ಎರಡು ಮೂರು ಮಕ್ಕಳಿಗೆ ಹುಟ್ಟುದೋಷ ಇರುತ್ತದೆ. ಸೋದರಿಕೆಯ ಮಕ್ಕಳು ಮದುವೆಯಾದರೆ ಅದು ಸುಮಾರು ಎರಡರಷ್ಟಾಗುತ್ತದೆ, ಉಳಿದ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ವಾಡಿಕೆ ಇಷ್ಟು ಕಾಲ ಬಾಳಿದ್ದು ಇದರಿಂದಲೇ: ತೊಂದರೆ ಬಂದ ಮನೆ ಊರಿಗೊಂದು, ಬಾರದ ಮನೆಗಳು ನೂರು.

ಕೊಡಿಗೇಹಳ್ಳಿಯ ಸುತ್ತಲ ನೆಲ ಇದೇ ಹೊತ್ತಿಗೆ ಬೇರೊಂದು ಕಾರಣಕ್ಕೆ ಹೆಸರಾಗುತ್ತಿತ್ತು. ಊರಿಗೆ ಅಂಟಿಕೊಂಡಂತಿರುವ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ನೆಲೆಯಾಯಿತು. ಅದರ ಪಕ್ಕದಲ್ಲೇ 2009ರಲ್ಲಿ ಕಾಂಡಕೋಶ ಸಂಶೋಧನೆಯ ಇನ್‌ಸ್ಟೆಮ್ ಸಂಸ್ಥೆ ಬಂತು. ಅಲ್ಲಿ ಚರ್ಮದ ಜೀವಶಾಸ್ತ್ರದ ಪ್ರಯೋಗಾಲಯಗಳನ್ನು ಕಟ್ಟಿದ ಶ್ರೀಕಲಾ ರಾಘವನ್ ಮತ್ತು ಕೊಲಿನ್ ಜಮೋರಾ ಇಬ್ಬರೂ ಎಲೇನ್ ಫುಕ್ಸ್ ಅವರ ಬಳಿ ಕೆಲಸ ಕಲಿತವರು. ಮೇಲ್ಚರ್ಮ ಒಳಚರ್ಮಗಳನ್ನು ಬೆಸೆಯುವ ಇಂಟಿಗ್ರಿನ್ ಎಂಬ ಪ್ರೋಟೀನು ಇಲ್ಲವಾದರೆ ಚರ್ಮಕ್ಕೆ ಏನಾಗುತ್ತದೆ ಎಂಬುದು ರಾಘವನ್ ಅವರ ಅಧ್ಯಯನದ ವಿಷಯವಾಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು 2000ದಲ್ಲಿ ಕಟ್ಟಿದ ಸ್ಟ್ರ್ಯಾಂಡ್ ಕಂಪನಿ ಹೆಬ್ಬಾಳದಲ್ಲಿ ನೆಲೆಯೂರಿ ಜೀನ್ ಪರೀಕ್ಷೆಗಳನ್ನು ಮಾಡತೊಡಗಿತು. ಒಂದು ಕಾಲಕ್ಕೆ ನಾಗರಕಲ್ಲಿನ ಮುಂದೆ ಕೇಳುತ್ತಿದ್ದ ಪ್ರಶ್ನೆಗೆ ಅದೇ ಬಳ್ಳಾರಿ ರಸ್ತೆಯ ಮಗ್ಗುಲಲ್ಲಿ ಉತ್ತರ ಓದುವುದು ಸಾಧ್ಯವಾಯಿತು.

ಮಕ್ಕಳನ್ನು ಮತ್ತು ಹೆತ್ತವರನ್ನು ನೇರವಾಗಿ ನೋಡುವ ಕೆಲಸ ನಗರದ ಇತರ ಕಡೆ ಬೆಳೆಯಿತು. ಪ್ರೊ. ಎಚ್. ಶರತ್‌ಚಂದ್ರ ಅವರು ಕಟ್ಟಿದ ಮಾನವ ತಳಿವಿಜ್ಞಾನ ಕೇಂದ್ರ ಈಗ ಎಲೆಕ್ಟ್ರಾನಿಕ್ ಸಿಟಿಯಲ್ಲಿದೆ. ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯ ಜೊತೆಗೂಡಿ ಇದು 2021ರ ರಾಷ್ಟ್ರೀಯ ವಿರಳ ರೋಗ ನೀತಿಯಡಿ ಉತ್ಕೃಷ್ಟತಾ ಕೇಂದ್ರವಾಗಿದೆ. ಬ್ರಿಟನ್ನಿನಲ್ಲಿ ಇಬಿ ಮಗುವಿನ ತಾಯಿ ಫಿಲಿಸ್ ಹಿಲ್ಟನ್ 1978ರಲ್ಲಿ ಶುರುಮಾಡಿದ ಡೆಬ್ರಾ ಸಂಘಟನೆಯ ಭಾರತದ ಶಾಖೆಯನ್ನು ಬೆಂಗಳೂರಿನಲ್ಲಿ ಬೆಳೆಸಿದವರು ಚರ್ಮವೈದ್ಯ ಡಾ. ರವಿ ಹಿರೇಮಗಳೂರು. ಗಾಯಕ್ಕೆ ಪಟ್ಟಿ ಕಟ್ಟುವುದನ್ನು ತಾಯಿಗೆ ಕಲಿಸುವುದೇ ಇಂಥ ಕಡೆ ಚಿಕಿತ್ಸೆಯ ಮುಖ್ಯ ಭಾಗ. ಮೂಲವನ್ನೇ ತಿದ್ದುವ ಚಿಕಿತ್ಸೆಯೂ ಈಗ ಕನಸಲ್ಲ. 2015ರಲ್ಲಿ ಜರ್ಮನಿಯ ವೈದ್ಯರು ಇಬಿಯಿಂದ ಸಾಯುವ ಹಂತದಲ್ಲಿದ್ದ ಏಳು ವರ್ಷದ ಬಾಲಕನ ಮೇಲ್ಚರ್ಮದ ಶೇ 80ರಷ್ಟನ್ನು ಜೀನು ತಿದ್ದಿ ಬೆಳೆಸಿದ ಚರ್ಮದಿಂದ ಹೊದಿಸಿ ಬದುಕಿಸಿದರು. 2023ರಲ್ಲಿ ಅಮೆರಿಕ ಇಬಿಯ ಒಂದು ಬಗೆಗೆ ಹಚ್ಚುವ ಜೀನ್ ಚಿಕಿತ್ಸೆಗೆ ಅನುಮತಿ ಕೊಟ್ಟಿತು. ಅದರ ಬೆಲೆ ಇಲ್ಲಿನ ಸಾಧಾರಣ ಕುಟುಂಬದ ಅಳವಿಗೆ ಮೀರಿದ್ದು.

ವಾಡಿಕೆ ಸಡಿಲವಾಗಿದೆ, ಹೋಗಿಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇ 27ರಷ್ಟು ಮಂದಿಯ ಗಂಡ ರಕ್ತಸಂಬಂಧಿ. ಸೋದರಿಕೆ ಬಿಟ್ಟ ಮಾತ್ರಕ್ಕೆ ವಿಷಯ ಮುಗಿಯುವುದೂ ಇಲ್ಲ. ಭಾರತದ ಎಷ್ಟೋ ಜಾತಿಗಳು ಶತಮಾನಗಳಿಂದ ತಮ್ಮೊಳಗೇ ಮದುವೆಯಾಗುತ್ತ ಬಂದಿವೆ, ಆದ್ದರಿಂದ ಸಂಬಂಧವೇ ಇಲ್ಲವೆಂದುಕೊಂಡ ಗಂಡ ಹೆಂಡತಿಯೂ ಒಂದೇ ಹಳೆಯ ದೋಷದ ವಾಹಕರಾಗಿರಬಹುದು ಎಂದು ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಕೆ. ತಂಗರಾಜ್ ಮತ್ತು ಸಂಗಡಿಗರ 2017ರ ಅಧ್ಯಯನ ತೋರಿಸಿತು.

ಒಂದು ಮಗುವಿಗೆ ಇಂಥ ಕಾಯಿಲೆ ಬಂದ ಮನೆಯವರು ಮುಂದಿನ ಬಸಿರಿನ 11ರಿಂದ 13ನೆಯ ವಾರದಲ್ಲಿ ಮಾಸಿನ ಚೂರನ್ನು ಪರೀಕ್ಷಿಸಿ ಭ್ರೂಣದ ಸ್ಥಿತಿ ತಿಳಿಯಬಹುದು. ಕಾಯಿಲೆ ಬಂದ ಆ ಮಗುವಿನ ಜೀನಿನಲ್ಲಿ ದೋಷ ಎಲ್ಲಿದೆ ಎಂಬುದು ಗೊತ್ತಿದ್ದರೆ ಇದಕ್ಕೆ ದಾರಿ ನೇರ. ಮಗು ಉಳಿಯುವ ಭರವಸೆ ಇಲ್ಲದಿದ್ದಾಗ ದುಃಖದಲ್ಲಿ ಎಲ್ಲರೂ ಮರೆಯುವುದು ಅದರ ಜೀನ್ ಪರೀಕ್ಷೆಯನ್ನೇ. ಆದ್ದರಿಂದ ಅಂಥ ಕೂಸಿನ ಎರಡು ಮೂರು ಮಿಲಿಲೀಟರ್ ರಕ್ತವನ್ನು ಡಿಎನ್‌ಎಗಾಗಿ ತೆಗೆದಿಡುವಂತೆ ಹೆತ್ತವರು ವೈದ್ಯರನ್ನು ಕೇಳಬೇಕು, ಕೇಳದಿದ್ದರೂ ವೈದ್ಯರು ತಾವಾಗಿ ತೆಗೆದಿಡಬೇಕು.